ಒರೆ ಬಿಟ್ಟು ಬಾರದ ಪೀಚೆಕತ್ತಿ

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಎರಡು ವಾರವಿತ್ತು. ಮನೆಯ ಪೂಜಾಕೋಣೆ ಕನ್ನಿಕೋಂಬರೆಯಿಂದ ಅಜ್ಜನ ಪೀಚೆಕತ್ತಿ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ, ತೆಗೆದು ಎಳೆದರೆ ಅಲಗು ಒರೆ ಬಿಟ್ಟು ಬರಲೇ ಇಲ್ಲ. ನಾಟಿ ಕೆಲಸ ಶುರುವಾದಾಗ ಒಳಗಿಟ್ಟ ಆಯುಧಗಳನ್ನು ಸೆಪ್ಟೆಂಬರ್ 3ರ ಹಬ್ಬಕ್ಕೇ ಹೊರತೆಗೆಯುವುದು ನಮ್ಮ ರೂಢಿ. ಕೊಡಗಿನ ಮಳೆಗಾಲವೆಲ್ಲ ಮರದ ಒರೆ ತೇವ ಕುಡಿದು ಕುಡಿದು ಅಲಗಿಗೆ ದಾಟಿಸಿತ್ತು.

ಅಜ್ಜ, ಆಮೇಲೆ ಅಪ್ಪ, ಮದುವೆಯ ದಿನ ಉದ್ದ ನಿಲುವಂಗಿ ಕುಪ್ಯದ ಮೇಲೆ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆಗೆ ಸಿಕ್ಕಿಸಿಕೊಂಡದ್ದು ಇದೇ ಕತ್ತಿ. ಒರೆಗೆ ಬೆಳ್ಳಿಯ ಕಟ್ಟು, ಸರಪಳಿಯ ತುದಿಯಲ್ಲಿ ಪುಟ್ಟ ಚಿಮಟ, ಗುಗ್ಗೆ ತೆಗೆಯುವ ಕಡ್ಡಿ. ಸುತ್ತಿಗೆ ತಾಗಿಸಲು ಮನಸ್ಸು ಬರಲಿಲ್ಲ.

ಒರೆಯ ಬಾಯಿ ಮೇಲಾಗಿ ನಿಲ್ಲಿಸಿ, ಕೋವಿಗೆ ಹಾಕುವ ತೆಳು ಎಣ್ಣೆಯನ್ನು ಅಲಗಿನ ಎರಡೂ ಬದಿಗೆ ಎರಡೆರಡು ಹನಿ ಬಿಟ್ಟೆ. ಮೂರು ರಾತ್ರಿ ಹೀಗೇ. ನಾಲ್ಕನೆಯ ಬೆಳಿಗ್ಗೆ ಹಿಡಿಗೆ ಬಟ್ಟೆ ಸುತ್ತಿ, ಹೆಬ್ಬೆರಳಿನಿಂದ ಒರೆಯ ಬಾಯನ್ನು ಒತ್ತುತ್ತಾ ನೇರ ಎಳೆದೆ. ತಿರುಚಿದರೆ ಮರ ಸೀಳುತ್ತದೆ. ಇನ್ನೊಂದು ಮಾತು: ಅಲಗಿನ ಹರಿತವಾದ ಅಂಚಿನ ಕಡೆ ಬೆರಳು ಸುತ್ತಬೇಡಿ, ಹಳೆಯ ಒರೆ ಬಿರಿದರೆ ಅಂಚು ನೇರ ಕೈಗೆ ಬರುತ್ತದೆ. ‘ಟೊಕ್’ ಎಂದು ಸಡಿಲವಾದಾಗ ಪಕ್ಕದಲ್ಲಿದ್ದ ಅಪ್ಪ ಕಣ್ಣೊರೆಸಿಕೊಂಡರು.

ಕೆಂಪು ತುಕ್ಕು ಕಂಡಲ್ಲಿ ಎಣ್ಣೆ ಹಚ್ಚಿ, ಚೂಪು ಮಾಡಿದ ಬಿದಿರುಕಡ್ಡಿಯಿಂದ ಕೆರೆದೆ. ಎರಡು ಸಂಜೆ ಹಿಡಿಯಿತು. ಕಪ್ಪು ಪದರವನ್ನು ಮುಟ್ಟಲಿಲ್ಲ, ಅದು ಉಕ್ಕಿನ ವಯಸ್ಸು. ಸಂಬಂಧಿಕರ ಮನೆಯ ಕತ್ತಿಯೊಂದನ್ನು ಅಂಗಡಿಯಲ್ಲಿ ಯಂತ್ರಕ್ಕೆ ಕೊಟ್ಟು ಫಳಫಳ ಮಾಡಿಸಿದ್ದರು. ಬೆಳ್ಳಿಯ ಕೆತ್ತನೆಯ ಮೂಗು-ಮುಖವೇ ಸವೆದುಹೋಗಿತ್ತು. ಹಾಗಾಗಿ ನಾನು ನುಣ್ಣನೆಯ ಸೀಮೆಸುಣ್ಣದ ಪುಡಿಗೆ ನಾಲ್ಕು ಹನಿ ನೀರು ಬೆರೆಸಿ, ಹತ್ತಿಯಿಂದ ಉಬ್ಬಿದ ಭಾಗವನ್ನಷ್ಟೇ ಉಜ್ಜಿದೆ. ಸಂದಿಯ ಕಪ್ಪು ಇದ್ದರೇನೇ ಕೆತ್ತನೆ ಎದ್ದು ಕಾಣುವುದು. ಹುಣಸೆಹಣ್ಣು, ಟೂತ್‌ಪೇಸ್ಟ್ ಬೇಡವೇ ಬೇಡ. ನೀರಲ್ಲಿ ಅದ್ದುವುದಂತೂ ಇಲ್ಲ, ಬೆಳ್ಳಿಯಡಿಗೆ ನೀರು ಇಳಿದರೆ ಮರ ಉಬ್ಬುತ್ತದೆ.

ಆದರೆ ರೋಗವಿದ್ದದ್ದು ಒರೆಯೊಳಗೆ. ತೆಳ್ಳನೆ ಬಿದಿರಿಗೆ ಬಟ್ಟೆ ಸುತ್ತಿ ಆಡಿಸಿದಷ್ಟೂ ತುಕ್ಕಿನ ಪುಡಿ, ಅಂಟು. ಅಜ್ಜಿ ವರ್ಷವರ್ಷ ಪ್ರೀತಿಯಿಂದ ಸವರುತ್ತಿದ್ದ ಕೊಬ್ಬರಿ ಎಣ್ಣೆ ಕಮಟಾಗಿ ದೂಳು ಹಿಡಿದು ಕೂತಿತ್ತು. ಬಟ್ಟೆ ಶುಭ್ರವಾಗಿ ಬರುವವರೆಗೂ ಬಿಡಲಿಲ್ಲ. ಬಿಸಿಲಿಗಿಟ್ಟರೆ ಮರ ಸೀಳುತ್ತದೆಂದು ವಾರವಿಡೀ ನೆರಳಲ್ಲೇ ಗಾಳಿಗಿಟ್ಟೆ.

ಈಗ ಮಳೆಗಾಲದಲ್ಲಿ ಅಲಗನ್ನು ಒರೆಯೊಳಗೆ ಇಡುವುದಿಲ್ಲ. ಕೋವಿ ಎಣ್ಣೆಯನ್ನು ತೆಳ್ಳಗೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒರೆಯ ಪಕ್ಕದಲ್ಲೇ ಮಲಗಿಸುತ್ತೇನೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಹಬ್ಬದ ಬೆಳಿಗ್ಗೆ ಎರಡನ್ನೂ ಕೂಡಿಸಿ, ಗಂಧವಿಟ್ಟು, ತೋಕ್‌ಪೂ ಹೂವು ಏರಿಸುತ್ತೇವೆ. ಗಂಧವೂ ನೀರೇ ತಾನೆ, ಸಂಜೆ ದೀಪ ಹಚ್ಚುವ ಮುಂಚೆ ಒರೆಸಿಬಿಡುತ್ತೇನೆ.