ಫಾಲೋಅಪ್‌ಗೆ ಇಮೇಲ್: ಡೊಂಬಿವಿಲಿ ದವಾಖಾನೆಯ ನನ್ನ ಅನುಭವ

ಮುಂಬೈ ಪಕ್ಕದ ಡೊಂಬಿವಿಲಿಯ ನನ್ನ ದವಾಖಾನೆಯಲ್ಲಿ ರೋಗಿಗಳ ಫಾಲೋಅಪ್, ಅಂದರೆ ಮೊದಲ ಭೇಟಿಯ ನಂತರದ ವಿಚಾರಣೆ, ಇಮೇಲಿನಲ್ಲಿ ಮಾಡುತ್ತೇನೆ ಎಂದಾಗ, ವಾಟ್ಸ್ಆ್ಯಪ್ ಇರುವಾಗ ಇಮೇಲ್ ಯಾರು ನೋಡುತ್ತಾರೆ ಅಂತ ಇಲ್ಲಿನ ಡಾಕ್ಟರುಗಳು ಕೇಳಿದ್ದರು. ಈಗ ನನ್ನ ಬಿಪಿ, ಶುಗರ್ ರೋಗಿಗಳ ಫಾಲೋಅಪ್ ಹೆಚ್ಚೂಕಡಿಮೆ ಅರ್ಧದಷ್ಟು ಇಮೇಲಿನಲ್ಲೇ ಮುಗಿಯುತ್ತದೆ. ಬೆಳಗಿನ ಲೋಕಲ್ ರೈಲು ಹಿಡಿದು ರಾತ್ರಿ ಒಂಬತ್ತಕ್ಕೆ ಮರಳುವವರಿಗೆ, ಮುಂಬೈಯ ಮಾಟುಂಗದ ಹೋಟೆಲ್ ಗಲ್ಲಾದಲ್ಲಿ ಕೂರುವವರಿಗೆ ದವಾಖಾನೆಯ ಹೊತ್ತು ಹೊಂದುವುದೇ ಇಲ್ಲ. ಮೊದಲ ಭೇಟಿ ಮಾತ್ರ ಎದುರಿಗೇ ಆಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಡಾಕ್ಟರುಗಳು ದೂರದಿಂದಲೇ ಚಿಕಿತ್ಸೆ ಕೊಡುವುದಕ್ಕೆ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದೆ: ರೋಗಿಯೇ ಮೊದಲು ಬರೆದರೆ ಒಪ್ಪಿಗೆ ಇದ್ದಂತೆ, ನಾವು ಶುರುಮಾಡಿದರೆ ಸ್ಪಷ್ಟವಾಗಿ ಕೇಳಬೇಕು. ಷೆಡ್ಯೂಲ್ ಎಕ್ಸ್ ಪಟ್ಟಿಯ, ಅಂದರೆ ಬಿಗಿ ನಿಯಂತ್ರಣದಲ್ಲಿರುವ ಔಷಧಿ ಬರೆಯುವಂತಿಲ್ಲ.

ಹೆಚ್ಚು ಕಾಡಿದ್ದು ಹಳೆಯ ಮೇಲಿಗೇ ರಿಪ್ಲೈ ಮಾಡುವ ಅಭ್ಯಾಸ. ಫೆಬ್ರುವರಿಯ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ರಿಪೋರ್ಟು ಜುಲೈನ ಕೆಮ್ಮಿನ ಕೆಳಗೆ ಹೂತುಹೋಗುತ್ತದೆ. ಮಗನ ಒಂದೇ ಐಡಿಯಿಂದ ಅಪ್ಪ, ಅಮ್ಮ ಇಬ್ಬರದ್ದೂ ಬಂದರೆ ಇನ್ನೂ ಗೊಂದಲ. ಸಬ್ಜೆಕ್ಟಿನಲ್ಲಿ ಫೈಲ್ ನಂಬರು, ಹೆಸರು, ವಯಸ್ಸು, ವಿಷಯ ನಾಲ್ಕೂ ಇರದಿದ್ದರೆ ಕಂಪೌಂಡರ್ ವಾಪಸ್ ಕಳಿಸುತ್ತಾನೆ. ಇದಕ್ಕೆ ಮೂರು ತಿಂಗಳು ಜನ ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಹಳದಿ ಬಲ್ಬಿನ ಕೆಳಗೆ ತೆಗೆದ ರಿಪೋರ್ಟ್ ಫೋಟೊ ಬೇಡ. ಕ್ರಿಯಾಟಿನಿನ್ 1.1 ಮತ್ತು 1.7ರ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ಲ್ಯಾಬಿನ ಮೂಲ ಪಿಡಿಎಫ್ ಕೇಳಿ, ಪಾಸ್‌ವರ್ಡ್ ಇದ್ದರೆ ಅದನ್ನು ಫೋನಿನಲ್ಲಿ ಪಡೆಯಿರಿ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪಿಸಿದ್ದು ನಮ್ಮಲ್ಲಿ ಬರೀ ಚಿಹ್ನೆಗಳಾಗಿ ತೆರೆಯುತ್ತದೆ.

ಎದೆನೋವನ್ನೂ ಇಮೇಲಿನಲ್ಲಿ ಬರೆಯುವವರಿದ್ದಾರೆ. ‘ತುರ್ತಾದರೆ 108ಕ್ಕೆ ಕರೆಮಾಡಿ, ಇಲ್ಲಿ ಉತ್ತರಕ್ಕೆ ಎರಡು ದಿನ ಬೇಕು’ ಎಂಬ ತಾನೇ ಹೋಗುವ ಉತ್ತರ ಕಡ್ಡಾಯ. ರಜೆಯಲ್ಲಿರುವಾಗ ತಾನೇ ಉತ್ತರಿಸುವ ಜಿಮೇಲಿನ ವೆಕೇಶನ್ ರೆಸ್ಪಾಂಡರ್ ಇದಕ್ಕೆ ಸಾಲದು, ಒಬ್ಬರಿಗೆ ನಾಲ್ಕು ದಿನಕ್ಕೊಮ್ಮೆ ಮಾತ್ರ ಕಳಿಸುತ್ತದೆ. ಬದಲಿಗೆ ಬರುವ ಮೇಲನ್ನು ವಿಂಗಡಿಸುವ ಫಿಲ್ಟರಿಗೆ ಟೆಂಪ್ಲೇಟ್, ಅಂದರೆ ಮೊದಲೇ ಬರೆದಿಟ್ಟ ಉತ್ತರ, ಜೋಡಿಸಿ. ಅಪಾಯದ ಲಕ್ಷಣ ಬರೆದ ಇಮೇಲನ್ನು ಮೇಲಕ್ಕೆ ತರುವ ನನ್ನ ಫಿಲ್ಟರಿನ ಪದಗಳನ್ನು ಇಲ್ಲಿ ಕೊಡುವುದಿಲ್ಲ, ಅದರಲ್ಲಿ ತುಳು, ಮರಾಠಿ ಮಾತುಗಳೂ ಇವೆ ಎಂದಷ್ಟೇ ಹೇಳುತ್ತೇನೆ.

ಉತ್ತರ ಕಳಿಸುವಾಗ ವಿಳಾಸದ ಜಾಗದಲ್ಲಿ ‘ಶೆಟ್ಟಿ’ ಎಂದು ಟೈಪಿಸಿದರೆ ಹತ್ತು ಹೆಸರು ಇಳಿಯುತ್ತವೆ, ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಹೋಗಲು ಅಷ್ಟು ಸಾಕು. ವಿಳಾಸಗಳು ತಾವಾಗಿ ಕಾಂಟ್ಯಾಕ್ಟಿಗೆ ಸೇರುವ ಸೆಟ್ಟಿಂಗ್ ತೆಗೆದುಹಾಕಿ, ಕಳಿಸಿದ್ದನ್ನು ವಾಪಸ್ ಪಡೆಯುವ ಅನ್‌ಡೂ ಸೆಂಡ್ ಅನ್ನು 30 ಸೆಕೆಂಡಿಗೆ ಇಡಿ.

ದುಡ್ಡಿನ ಮಾತು. ಒಂದು ಇಮೇಲಿಗೆ ನೂರು ರೂಪಾಯಿ ಫೀಸು ಇಟ್ಟಾಗ ಒಂದೇ ಇಮೇಲಿನಲ್ಲಿ ಐದು ಪ್ರಶ್ನೆ ತುಂಬಿ ಬರುತ್ತಿದ್ದವು. ವರ್ಷಕ್ಕೆ ಸುಮಾರು 1,200 ಮಾಡಿದ ಮೇಲೆ ಪ್ರಶ್ನೆ ಚಿಕ್ಕದಾಯಿತು, ಚೌಕಾಸಿ ನಿಂತಿತು. ಡೊಮೇನ್, ಮೇಲ್ ಸೇವೆ ಸೇರಿ ವರ್ಷದ ಖರ್ಚು ಮೂರು ಸಾವಿರದ ಆಸುಪಾಸು.

ಮನೆಯ ಬಿಪಿ ಲೆಕ್ಕಕ್ಕೆ ಆನ್‌ಲೈನ್ ಫಾರ್ಮ್ ಹಾಕಿ ನೋಡಿದೆ, ಹಿರಿಯರು ಅರ್ಧಕ್ಕೇ ಬಿಟ್ಟರು. ‘ಬೆ 138/86, ಸಂ 132/84’ ಎಂದು ದಿನಕ್ಕೊಂದು ಸಾಲು ಬರೆಯಲು ಹೇಳಿದೆ, ಏಳು ದಿನವೂ ಬಂತು. ಮೊದಲ ದಿನ ಬಿಟ್ಟು ಉಳಿದದ್ದರ ಸರಾಸರಿ ತೆಗೆದು ಗುಳಿಗೆ ಬದಲಿಸುತ್ತೇನೆ.