ಮೂರೂವರೆ ಮಿಲಿವೋಲ್ಟ್ ಕಾಯುವ ಕೆಲಸ: ಫ್ಲೋರೈಡ್ ಎಲೆಕ್ಟ್ರೋಡ್ ಜೊತೆ ನನ್ನ ಅನುಭವ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯಿಂದ ಕೊಳವೆಬಾವಿ ನೀರು ತಂದುಕೊಡುವವರು ಕೇಳುವುದು ಒಂದೇ ಮಾತು: "ಸಾರ್, ಇದನ್ನ ಕುಡೀಬಹುದಾ?" ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ನಡೆಯುತ್ತದೆ. ಅಂದರೆ 1.4 ಬಂದರೆ ಹೂಂ, 1.6 ಬಂದರೆ ಬೇಡ. ನಾನು ಫ್ಲೋರೈಡ್ ಅಳೆಯುವುದು ಎಲೆಕ್ಟ್ರೋಡಿನಿಂದ; ನೀರಿಗೆ ಅದ್ದಿದರೆ ಫ್ಲೋರೈಡ್ ಎಷ್ಟಿದೆ ಅನ್ನುವುದನ್ನು ಅದು ಮಿಲಿವೋಲ್ಟ್‌ನಲ್ಲಿ ಹೇಳುತ್ತದೆ. ಅದರ ಲೆಕ್ಕದಲ್ಲಿ ಇವೆರಡರ ನಡುವೆ ಇರುವುದು ಸುಮಾರು ಮೂರೂವರೆ ಮಿಲಿವೋಲ್ಟ್, ಅಷ್ಟೇ. ನನ್ನ ಕೆಲಸವೆಲ್ಲ ಆ ಮೂರೂವರೆ ಎಲ್ಲೂ ಸೋರಿಹೋಗದಂತೆ ನೋಡಿಕೊಳ್ಳುವುದು.

ಎಲೆಕ್ಟ್ರೋಡಿನ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಪುಟ್ಟ ಹರಳಿದೆ. ಅದಕ್ಕೆ ಚೂರು ಯುರೋಪಿಯಂ ಬೆರೆಸಿರುತ್ತಾರೆ. ಇದರಿಂದ ಹರಳಿನೊಳಗೆ ಖಾಲಿ ಜಾಗಗಳಾಗುತ್ತವೆ. ಫ್ಲೋರೈಡ್ ಅಯಾನು ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಬೇರೆಯವಕ್ಕೆ ಅಲ್ಲಿ ದಾರಿಯಿಲ್ಲ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಒಂದೇ ಅಯಾನನ್ನು ಆರಿಸಿ ಹಿಡಿಯುವ ಸೆನ್ಸರ್‌ಗಳು ಕಮ್ಮಿ.

ಹಾಗಂತ ನೀರಿಗೆ ಸುಮ್ನೆ ಅದ್ದಿ ಓದುವ ಹಾಗಿಲ್ಲ. ಹರಳಿಗೆ ಕಾಣುವುದು ಬಿಡಿಯಾಗಿರುವ ಫ್ಲೋರೈಡ್ ಮಾತ್ರ. ಅಲ್ಯೂಮಿನಿಯಂ, ಕಬ್ಬಿಣ ಇದ್ದರೆ ಅವು ಫ್ಲೋರೈಡನ್ನು ಕಟ್ಟಿಹಾಕಿಕೊಳ್ಳುತ್ತವೆ. ನೀರಿನ ಪಿಎಚ್ ತುಂಬ ಮೇಲಿದ್ದರೆ ಹೈಡ್ರಾಕ್ಸೈಡ್ ಬಂದು ಫ್ಲೋರೈಡಿನ ವೇಷ ಹಾಕುತ್ತದೆ, ಇಬ್ಬರ ಗಾತ್ರ ಹತ್ತಿರಹತ್ತಿರ ಅಲ್ವಾ. ಪಿಎಚ್ ತೀರಾ ಇಳಿದರೆ ಫ್ಲೋರೈಡ್ ಆಮ್ಲವಾಗಿ ಮರೆಯಾಗುತ್ತದೆ. ಈ ಎಲ್ಲಕ್ಕೂ ಮದ್ದು ಟಿಸಾಬ್ ದ್ರಾವಣ. ಅದರಲ್ಲಿ ಪಿಎಚ್ ಅಲುಗದಂತೆ ಹಿಡಿಯುವ ಅಸಿಟೇಟ್ ಬಫರ್, ಉಪ್ಪು, ಲೋಹಗಳನ್ನು ಹಿಡಿಯುವ ಸಿಡಿಟಿಎ ಇರುತ್ತವೆ. ಪಿಎಚ್ 5ರಿಂದ 5.5ಕ್ಕೆ ನಿಲ್ಲುತ್ತದೆ, ಸಿಡಿಟಿಎ ಅಲ್ಯೂಮಿನಿಯಂ ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುತ್ತದೆ. ನೀರು ಎಷ್ಟು, ಟಿಸಾಬ್ ಅಷ್ಟೇ. ಸ್ಟ್ಯಾಂಡರ್ಡ್‌ಗಳಿಗೂ, ಅಂದರೆ ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣಗಳಿಗೂ, ಅದೇ ಅಳತೆ.

ಸ್ಟ್ಯಾಂಡರ್ಡ್ ನಾನೇ ಮಾಡಿಕೊಳ್ಳುತ್ತೇನೆ. ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ತೂಗಿ ಒಂದು ಲೀಟರ್ ಮಾಡಿದರೆ 100 ಪಿಪಿಎಂ, ಅಂದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್. ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡುತ್ತೇನೆ, ಗಾಜಿನ ಸಹವಾಸ ಬೇಡ. ಇದರಿಂದ 1 ಮತ್ತು 10 ಪಿಪಿಎಂ ಮಾಡಿ, ಮೊದಲು 1, ಆಮೇಲೆ 10 ಓದುತ್ತೇನೆ. 25 ಡಿಗ್ರಿಯಲ್ಲಿ ಎರಡರ ನಡುವೆ 59 ಮಿಲಿವೋಲ್ಟ್ ಆಸುಪಾಸು ಇಳಿಯಬೇಕು. 54ಕ್ಕಿಂತ ಕಮ್ಮಿ ಬಂದರೆ ಆವತ್ತು ಯಾರ ನೀರನ್ನೂ ಮುಟ್ಟುವುದಿಲ್ಲ. ಮೀಟರ್‌ಗೇನು, ಈ ಇಳಿತ, ಅಂದರೆ ಸ್ಲೋಪ್, ಎಂಥದ್ದಿದ್ದರೂ ಒಂದು ಅಂಕಿ ತೋರಿಸಿಯೇ ತೋರಿಸುತ್ತದೆ.

ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಮಿಲಿವೋಲ್ಟ್ ಜಾಸ್ತಿ ಸೋರುವುದು ಶಾಖದಿಂದ. ಬೀಕರಿನ ನೀರನ್ನು ಕಲಕುವ ಮ್ಯಾಗ್ನೆಟಿಕ್ ಸ್ಟರರ್ ಓಡುತ್ತಾ ಓಡುತ್ತಾ ಬಿಸಿಯಾಗುತ್ತದೆ. ಬೀಕರ್ ಕೆಳಗೆ ತೆಳ್ಳನೆ ಥರ್ಮಾಕೋಲ್ ತುಂಡು ಇಟ್ಟರೆ ಸಾಕು. ಬಿಸಿಲಲ್ಲಿ ಬಂದ ಕ್ಯಾನನ್ನೂ ಕೂಡಲೇ ತೆರೆಯುವುದಿಲ್ಲ, ಸ್ಟ್ಯಾಂಡರ್ಡ್ ಪಕ್ಕದಲ್ಲೇ ತಣಿಯಲು ಬಿಡುತ್ತೇನೆ. ಇನ್ನೊಂದು ಕಳ್ಳ ಗಾಳಿಗುಳ್ಳೆ. ಎಲೆಕ್ಟ್ರೋಡನ್ನು ನೆಟ್ಟಗೆ ಇಳಿಸಿದರೆ ಹರಳಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಅಂಟಿಕೊಳ್ಳುತ್ತದೆ. ರೀಡಿಂಗ್ ಒಂದು ಕಡೆ ನಿಲ್ಲದೆ ತೇಲಾಡುತ್ತದೆ. ಹಾಗಾಗಿ ಸ್ವಲ್ಪ ಓರೆಯಾಗಿ ಇಳಿಸಿ, ಬೀಕರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕೆಳಗಿಂದ ನೋಡುತ್ತೇನೆ. ಆಮೇಲೆ ಕಾಯಬೇಕು. ಕಮ್ಮಿ ಫ್ಲೋರೈಡ್ ಇರುವ ನೀರಿಗೆ ಹಲವು ನಿಮಿಷವೇ ಬೇಕಾಗುತ್ತದೆ.

1.5ರ ಆಚೀಚೆ ಬಂದ ನೀರಿಗೆ ಇನ್ನೊಂದು ಪರೀಕ್ಷೆ ಇದೆ. 2 ಪಿಪಿಎಂ ತೋರಿಸಿದ ನೀರು ಅಂತಿಟ್ಟುಕೊಳ್ಳಿ. ಅದರ 50 ಮಿಲಿಗೆ 100 ಪಿಪಿಎಂ ದ್ರಾವಣ ಅರ್ಧ ಮಿಲಿ ಸೇರಿಸಿ, ಟಿಸಾಬ್ ಬೆರೆಸಿ ಮತ್ತೆ ಓದಿದರೆ 2.97 ಹತ್ತಿರ ಬರಬೇಕು. 2.6 ಬಂದರೆ ನೀರಿನಲ್ಲಿ ಏನೋ ಫ್ಲೋರೈಡನ್ನು ಹಿಡಿದಿಟ್ಟಿದೆ ಅಂತಲೇ ಅನುಮಾನ. ಆಗ ನೀರನ್ನು ತೆಳುಮಾಡಿ ಇನ್ನೊಮ್ಮೆ ಓದುತ್ತೇನೆ. ಈ ಲೆಕ್ಕ ಸರಿಬಂದ ಮೇಲೇ ರಿಪೋರ್ಟಿಗೆ ಸಹಿ.

ರಿಪೋರ್ಟ್ ತಗೊಳ್ಳಲು ಬಂದವರು "ಕಾಯಿಸಿ ಕುಡಿದರೆ ಹೋಗುತ್ತಲ್ವಾ?" ಅಂತ ಕೇಳದೆ ಇರುವುದಿಲ್ಲ. ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಫ್ಲೋರೈಡ್ ಜಾಸ್ತಿಯೇ ಆಗುತ್ತದೆ. ಕುಡಿಯಲು, ಅಡುಗೆಗೆ ಆರ್‌ಒ ಘಟಕದ ನೀರು ತನ್ನಿ, ಬೋರ್ ನೀರು ಪಾತ್ರೆ ಬಟ್ಟೆಗೆ ಇರಲಿ ಅಂತ ಹೇಳಿ ಕಳಿಸುತ್ತೇನೆ.