ಪ್ರೋಟೀನ್ ಪಾಠಕ್ಕೆ ಕೋಳಿ ಮೂಳೆ

ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ದೇಹದಲ್ಲಿ ಪ್ರೋಟೀನ್ ಎಲ್ಲಿದೆ ಅಂತ ಕೇಳಿದರೆ ಮಕ್ಕಳು ತೋಳು ಮಡಚಿ 'ಮಸಲ್' ಅಂತ ತೋರಿಸುತ್ತಾರೆ. ಸರಿಯೇ, ಜಾಸ್ತಿ ಇರುವುದು ಸ್ನಾಯುವಿನಲ್ಲೇ. ಆದರೆ ಜಿಮ್ ಪೌಡರಿನ ಡಬ್ಬಿ ತಲೆಯಲ್ಲಿ ಕೂತುಬಿಟ್ಟರೆ ಉಳಿದದ್ದು ಕಾಣುವುದೇ ಇಲ್ಲ. ಅದಕ್ಕೇ ನಾನು ಸ್ನಾಯುವನ್ನು ಕೊನೆಗಿಡುತ್ತೇನೆ.

ಮೊದಲು ಮೇಣದ ಬತ್ತಿ. ಹತ್ತಿಯ ನೂಲು, ಕೋಳಿ ಗರಿ, ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು, ಮೂರನ್ನೂ ಇಕ್ಕುಳದಲ್ಲಿ ಹಿಡಿದು ಸುಡುತ್ತೇನೆ (ಕಿಟಕಿ ತೆರೆದಿರಲಿ, ಪಕ್ಕದ ಕ್ಲಾಸಿನ ಟೀಚರ್ ಓಡಿ ಬರುತ್ತಾರೆ). ನೂಲಿಗೆ ಕಾಗದ ಸುಟ್ಟ ವಾಸನೆ. ಗರಿಗೂ ಕೂದಲಿಗೂ ಒಂದೇ ಕಮಟು. ಎರಡೂ ಕೆರಾಟಿನ್ ಎಂಬ ಪ್ರೋಟೀನ್, ಅದರಲ್ಲಿ ಗಂಧಕ ಜಾಸ್ತಿ. ಉಗುರೂ ಅದೇ.

ಮಕ್ಕಳು ಬಾಯಿಬಿಟ್ಟು ನೋಡುವುದು ಮೂಳೆಯನ್ನು. ಕೋಳಿ ಕಾಲಿನ ಎರಡು ಮೂಳೆ ಚೆನ್ನಾಗಿ ತೊಳೆದು, ಒಂದನ್ನು ವಿನೆಗರಿನಲ್ಲಿ ಮುಳುಗಿಸಿಡುತ್ತೇನೆ. ನಡುನಡುವೆ ವಿನೆಗರ್ ಬದಲಿಸಬೇಕು. ಇನ್ನೊಂದನ್ನು ಮನೆಯ ಬಚ್ಚಲ ಒಲೆಯ ಕೆಂಡಕ್ಕೆ. ಕೆಲವು ದಿನ ಕಳೆದರೆ ವಿನೆಗರಿನದ್ದು ರಬ್ಬರಿನ ಹಾಗೆ ಬಾಗುತ್ತದೆ, ಒಲೆಯದ್ದು ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಆಮ್ಲ ಸುಣ್ಣದಂಶವನ್ನು ಕರಗಿಸಿ ಕೊಲಾಜನ್ ಎಂಬ ಪ್ರೋಟೀನನ್ನು ಬಿಟ್ಟಿತು, ಬೆಂಕಿ ಕೊಲಾಜನ್ ಸುಟ್ಟು ಸುಣ್ಣದಂಶವನ್ನು ಬಿಟ್ಟಿತು. ಮೂಳೆ ಅಂದರೆ ಬರೀ ಕ್ಯಾಲ್ಸಿಯಂ ಅಂದುಕೊಂಡವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ ಅಲ್ವಾ? ನಮ್ಮ ಮೈಯ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗಕ್ಕೂ ಜಾಸ್ತಿ ಕೊಲಾಜನ್ನೇ. ಮೂಳೆ, ಚರ್ಮ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಎಲ್ಲ ಕಡೆ ಅದು. ಮನೆಯಲ್ಲಿ ಮಾಂಸ ತಿನ್ನದ ಮಕ್ಕಳು ಮುಟ್ಟಲು ಹಿಂಜರಿದರೆ ಒತ್ತಾಯ ಬೇಡ, ದೂರದಿಂದ ನೋಡಿದರೂ ಗೊತ್ತಾಗುತ್ತದೆ.

ರಕ್ತವನ್ನು ಬಾಯಿಮಾತಲ್ಲೇ ಮುಗಿಸುತ್ತೇನೆ: ಕೆಂಪು ಕಣದೊಳಗೆ ಹಿಮೋಗ್ಲೋಬಿನ್, ಹೊರಗಿನ ದ್ರವದಲ್ಲಿ ಆಲ್ಬುಮಿನ್, ರೋಗದ ವಿರುದ್ಧ ಆಂಟಿಬಾಡಿ, ಎಲ್ಲವೂ ಪ್ರೋಟೀನೇ. ಮೂತ್ರದಲ್ಲಿ ಮಾತ್ರ ಪ್ರೋಟೀನ್ ಇಲ್ಲವೆನ್ನುವಷ್ಟೇ ಇರಬೇಕು. ಅದಕ್ಕೇ ಲ್ಯಾಬಿನವರು ಅಲ್ಲಿ ಹುಡುಕುವುದು, ಜಾಸ್ತಿ ಇದ್ದರೆ ಕಿಡ್ನಿಯ ಬಗ್ಗೆ ಸಂಶಯ. ಆಮೇಲೆ ಕೋಳಿಯ ಲಿವರ್ ತುಂಡಿಗೆ ಎರಡು ಹನಿ ಹೈಡ್ರೋಜನ್ ಪೆರಾಕ್ಸೈಡ್. ಬುಸ್ಸೆಂದು ನೊರೆ. ಅದು ಕ್ಯಾಟಲೇಸ್ ಎಂಬ ಕಿಣ್ವದ ಕೆಲಸ, ಕಿಣ್ವವೂ ಪ್ರೋಟೀನೇ. ಕಬಡ್ಡಿಯಲ್ಲಿ ಮಂಡಿ ತರಚಿಕೊಂಡವರಿಗೆ ಈ ನೊರೆ ಹೊಸತಲ್ಲ, ಗಾಯದ ಮೇಲೆ ನೋಡಿರುತ್ತಾರೆ.

ಟೈಮ್ ಉಳಿದರೆ ಕಣ್ಣು. ಕಣ್ಣಿನ ಲೆನ್ಸ್ ಬಹುಪಾಲು ನೀರು ಮತ್ತು ಕ್ರಿಸ್ಟಲಿನ್ ಎಂಬ ಪ್ರೋಟೀನ್. ಲೆನ್ಸಿನ ನಡುಭಾಗದಲ್ಲಿ ಇರುವುದು ಹುಟ್ಟುವ ಮೊದಲೇ ಆದದ್ದು, ದೇಹ ಅದನ್ನು ಬದಲಿಸುವುದೇ ಇಲ್ಲ. ವಯಸ್ಸಾದಂತೆ ಅದು ಮುದ್ದೆಗಟ್ಟಿ ಮಸುಕಾಗುವುದೇ ಅಜ್ಜಿಯ ಕಣ್ಣಿನ ಪೊರೆ. ಇಷ್ಟು ಹೇಳುವಾಗ, ಆಪರೇಶನ್ ಬದಲು ಡ್ರಾಪ್ಸ್ ಹಾಕಿದರೆ ಸಾಲದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು, ಮುದ್ದೆಯಾದ ಪ್ರೋಟೀನನ್ನು ಬಿಡಿಸಿ ಮೊದಲಿನಂತೆ ಮಾಡುವ ಡ್ರಾಪ್ಸ್ ಇಲ್ಲ. ಲೆನ್ಸ್ ತೆಗೆದು ಕೃತಕದ್ದು ಕೂರಿಸಬೇಕು.